ಲಕ್ಕಪ್ಪ ಮಾಸ್ತರರ ಬಾಣ

ಸೋಮವಾರ, ೬ ಜುಲೈ ೧೯೮೭

ಕಂಪ್ಯೂಟರ್ ಬಂದವು, ಎರಡು. ಅಣ್ಣಿಗೇರಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಹುಲ್ಲು ಹಾಸಿ ತಂದರು. ಹೆಡ್‌ಮಾಸ್ತರ ಶಂಭುಲಿಂಗಪ್ಪನವರು ಪೆಟ್ಟಿಗೆಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ನನ್ನ ಕಡೆ ತಿರುಗಿ, "ಇನ್ನ ಇವು ನಿಮ್ಮವರಿ, ಲಕ್ಕಪ್ಪ ಸರ್," ಅಂದರು. ಬೇಸಿಗೆಯಲ್ಲಿ ಧಾರವಾಡಕ್ಕೆ ಹೋಗಿ ಮೂರು ವಾರ ತರಬೇತಿ ಪಡೆದವರು ಈ ಶಾಲೆಯಲ್ಲಿ ಇಬ್ಬರೇ, ನಾನು ಮತ್ತು ವಿಜ್ಞಾನದ ಜುಲೇಖಾಬಿ ಟೀಚರು. ಗಣಿತದವನೆಂದು ಉಸ್ತುವಾರಿ ನನ್ನ ಪಾಲಿಗೆ ಬಂದಿದೆ.

ತರಬೇತಿಯಲ್ಲಿ ನೋಡದ ಒಂದು ವಸ್ತು ಪೆಟ್ಟಿಗೆಯಲ್ಲಿತ್ತು. ಮೌಸು ಅಂತ ಹೆಸರು. ಅಂಗೈಯಷ್ಟು ಡಬ್ಬಿ, ಹೊಟ್ಟೆಯಲ್ಲಿ ಗುಂಡು, ಹಿಂದೆ ಬಾಲದಂಥ ವಾಯರು. ಅದನ್ನು ಮೇಜಿನ ಮೇಲೆ ಸರಿಸಿದರೆ ಪರದೆಯ ಮೇಲೆ ಸಣ್ಣದೊಂದು ಬಾಣ ಸರಿಯುತ್ತದೆ. ಎಲ್ಲರೂ ಸುತ್ತ ನಿಂತಿದ್ದರು. ನಾನು ಹಿಡಿದೆ. ಬಾಣ ಮಿಡತೆಯ ಹಾಗೆ ಜಿಗಿದಾಡಿತು. "ಹೊಸಾದ್ರಿ, ಇನ್ನೂ ರೂಢಿ ಇಲ್ಲ," ಅಂದೆ. ಆಮೇಲೆ ಜುಲೇಖಾಬಿ ಟೀಚರು ಹಿಡಿದರು. ಅವರಿಗೂ ಹೊಸದೇ. ಬಾಣ ಜಿಗಿಯಲಿಲ್ಲ.

ಸಪ್ಟೆಂಬರ್ ಮೊದಲ ವಾರ ಜಿಲ್ಲಾ ಕಚೇರಿಯಿಂದ ಸಾಹೇಬರು ನೋಡಲು ಬರುತ್ತಾರಂತೆ. ಮೌಸು ಹಿಡಿದು ಚಿತ್ರ ತೆಗೆದು ತೋರಿಸಬೇಕಾದವನು ನಾನು.

ಈ ವಹಿ ತರಬೇತಿಯಲ್ಲಿ ಕೊಟ್ಟದ್ದು. ಇನ್ನೂ ಏನೂ ಬರೆದಿರಲಿಲ್ಲ. ಕೈ ನಡುಗುವ ಸುದ್ದಿ ಮನೆಯಲ್ಲಿಯೂ ಹೇಳಿಲ್ಲ, ಹೊರಗೂ ಹೇಳಿಲ್ಲ. ಎಲ್ಲಾದರೂ ಹೇಳಬೇಕಲ್ಲ.

ಗುರುವಾರ, ೯ ಜುಲೈ

ಹತ್ತನೆಯ ಈಯತ್ತೆಗೆ ಸ್ಪರ್ಶಕದ ಪಾಠ. ಹೋದ ವರ್ಷದವರೆಗೆ ನಾನು ಹಲಗೆಯ ಮೇಲೆ ಬರಿಗೈಯಲ್ಲಿ ವೃತ್ತ ತೆಗೆದರೆ ಹುಡುಗರು ದಾರ ಹಿಡಿದು ಅಳೆದು ನೋಡುತ್ತಿದ್ದರು. ದೀಪಾವಳಿಯ ಆಸುಪಾಸು ಶುರುವಾಯಿತು ಇದು. ಕೈ ಸುಮ್ಮನಿದ್ದರೆ ಏನೂ ಇಲ್ಲ. ಹಲಗೆಗೆ ಬರೆಯಲು ಖಡು ಹಿಡಿದು ಎತ್ತಿದರೆ ನಡುಕ. ಇವತ್ತು ವೃತ್ತ ತೆಗೆಯಲು ಒಬ್ಬನನ್ನು ಕರೆದೆ, "ನೀವೂ ಕಲೀರ್ಲೇ" ಅಂತ ನೆವ ಹೇಳಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೇ ನಕ್ಕರೋ ಬೇರೆ ಯಾವುದಕ್ಕೋ, ತಿಳಿಯಲಿಲ್ಲ. ಇಡೀ ದಿನ ಅದೇ ಸಪ್ಪಳ ಕಿವಿಯಲ್ಲಿತ್ತು.

ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುವುದನ್ನು ಬಿಟ್ಟಿದ್ದೇನೆ. ಪಿತ್ತ ಅಂತ ಹೇಳಿದ್ದೇನೆ.

ಮಂಗಳವಾರ, ೧೪ ಜುಲೈ

ಹೆಡ್‌ಮಾಸ್ತರರು ಕರೆಸಿದರು. ಬಾಗಿಲು ಹಾಕಿಕೊಂಡರು.

"ಕೂಡ್ರಿ ಸರ್. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಜಿಲ್ಲಾ ಕಚೇರಿಗೆ ಒಂದ್ ಅರ್ಜಿ ಹೋಗೇತಂತ. ಹೆಸರಿಲ್ಲ, ಸಹಿ ಇಲ್ಲ."

"ಏನಂತ್ರಿ?"

"ಗಣಿತದ ಮಾಸ್ತರ್ರು ಕುಡದು ಬರ್ತಾರ, ಕೈ ನಡಗತಾವ, ಖಡು ಹಿಡ್ಯಾಕ ಬರೂದಿಲ್ಲ ಅಂತ."

"ನಾ ಒಂದ್ ಹನಿ ಮುಟ್ಟಿದಾಂವಲ್ಲರಿ."

"ನನಗ ಗೊತ್ತೈತ್ರಿ. ಆದರ ಸಾಹೇಬ್ರು ಬಂದಾಗ ನಿಮ್ಮ ಕೈ ನೋಡ್ತಾರ. ನಿಮ್ಮ ಓಣಿ ಮಂದಿಗೆ ಮೊದಲ ಆ ಹೆಸರು ಬ್ಯಾರೆ ಐತಿ. ನಾ ಅನ್ನೂದಲ್ಲ, ಮಂದಿ ಅಂತಾರ. ಅವತ್ತ ಒಂದಿನ ಕೈ ಗಟ್ಟಿ ಇಟ್ಕೋರಿ. ಮುಂದ ನಾ ನೋಡ್ಕೋತೀನಿ."

ನಾನು ತಲೆಯಾಡಿಸಿ ಹೊರಗೆ ಬಂದೆ. ತಲೆಯಾಡಿಸಿದ್ದಕ್ಕೆ ಸಂಜೆಯವರೆಗೂ ನನ್ನ ಮೇಲೆಯೇ ಸಿಟ್ಟು. ನಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈಗ ಇಬ್ಬರು ಹುಡುಗರು ಬಿ.ಎಡ್. ಮಾಡುತ್ತಿದ್ದಾರೆ. ನನ್ನ ಹೆಸರು ಕೆಟ್ಟರೆ ಅದು ನನ್ನೊಬ್ಬನ ಹೆಸರಾಗಿ ಉಳಿಯುವುದಿಲ್ಲ. ಆ ಹುಡುಗರ ಬೆನ್ನಿಗೂ ಅಂಟುತ್ತದೆ.

ಅಪ್ಪ ಕುಡಿಯುತ್ತಿದ್ದ. ಇದು ಊರಿಗೇ ಗೊತ್ತಿರುವ ಮಾತು. ಅದಕ್ಕಾಗಿಯೇ ನಾನು ಆ ವಾಸನೆಯ ಹತ್ತಿರ ಹೋದವನಲ್ಲ.

ಶನಿವಾರ, ೧೮ ಜುಲೈ

ಅರ್ಧ ದಿನದ ಶಾಲೆ ಮುಗಿಸಿ ಹುಬ್ಬಳ್ಳಿಗೆ ಹೋಗಿ ನರಗಳ ಡಾಕ್ಟರರನ್ನು ಕಂಡೆ. ಪುಸ್ತಕ ತರುವುದಿದೆ ಎಂದು ತಾಯವ್ವನಿಗೆ ಹೇಳಿದ್ದೆ. ಹೆಂಡತಿಗೆ ಸುಳ್ಳು ಹೇಳಿ ಊರು ಬಿಟ್ಟದ್ದು ಇದೇ ಮೊದಲು.

ಡಾಕ್ಟರರು ನನಗಿಂತ ಚಿಕ್ಕವರು. ಎರಡೂ ಕೈ ಮುಂದೆ ಚಾಚಿಸಿದರು. ನೀರಿನ ಲೋಟ ಎತ್ತಿಸಿದರು. ಆಮೇಲೆ ಬಿಳಿ ಹಾಳೆ ಕೊಟ್ಟು, ನಡುವಿನಿಂದ ಶುರು ಮಾಡಿ ಸುರುಳಿ ತೆಗೆಯಿರಿ ಅಂದರು. ಹದಿನೆಂಟು ವರ್ಷ ರೇಖಾಗಣಿತ ಕಲಿಸಿದವನು ನಾನು. ತೆಗೆದ ಸುರುಳಿ ಗರಗಸದ ಹಲ್ಲಿನಂತೆ ಬಂತು. ಅವರು ಅದನ್ನು ಫೈಲಿಗೆ ಸೇರಿಸಿದಾಗ ಕೈಯಿಂದ ಕಸಿದುಕೊಳ್ಳಬೇಕು ಅನ್ನಿಸಿತು.

"ಜೀವಕ್ಕೇನೂ ಅಪಾಯ ಇಲ್ಲರಿ. ಇದು ಕೈಯಿನ ಗುಣ ಅಂತ ತಿಳೀರಿ. ಕೆಲಸಕ್ಕ ಹಚ್ಚಿದಾಗ ನಡಗ್ತದ, ಸುಮ್ಮನಿದ್ರ ನಿಲ್ತದ. ಅಂಜಿದಷ್ಟೂ ಹೆಚ್ಚು. ಪೂರಾ ಹೋಗೂದಿಲ್ಲ, ಗುಳಿಗಿ ತಗೊಂಡ್ರ ಒಂದೀಟು ಕಡಿಮಿ ಆಗ್ತದ. ಮನ್ಯಾಗ ಮತ್ಯಾರಿಗರೆ ಇತ್ತೇನ್ರಿ? ತಂದಿಗೆ, ತಾಯಿಗೆ?"

"ಇಲ್ರಿ," ಅಂದೆ. ಅಪ್ಪನ ಕೈ ನಡುಗುತ್ತಿತ್ತು, ಆದರೆ ಅದರ ಕಾರಣ ಬೇರೆ.

ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. "ಕೆಲವರಿಗೆ ಎರಡು ಗುಟುಕು ಸೆರೆ ಕುಡಿದ್ರ ಕೈ ನಿಂತುಬಿಡ್ತದ. ಮುಂದ ಯಾರರೆ ಹೇಳ್ಯಾರು, ಅದರ ಬೆನ್ನ ಹತ್ತಬ್ಯಾಡ್ರಿ. ಇಳದ ಮ್ಯಾಲೆ ಮೊದಲಿಗಿಂತ ಹೆಚ್ಚು ನಡಗ್ತದ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಗುಳಿಗೆಯ ಬಗ್ಗೆ ಯೋಚಿಸಲಿಲ್ಲ, ಈ ಮಾತನ್ನೇ ಯೋಚಿಸಿದೆ.

ರವಿವಾರ, ೧೯ ಜುಲೈ

ಗುಳಿಗೆ ಎರಡು. ಕೈ ಹಾಗೇ ಇದೆ.

ಗುರುವಾರ, ೨೩ ಜುಲೈ

ಗುಳಿಗೆ ಹತ್ತಾಯಿತು. ಇವತ್ತು ಮೌಸು ಹಿಡಿದು ಒಂದು ನೆಟ್ಟನೆಯ ಗೆರೆ ಎಳೆಯಲು ಹನ್ನೊಂದು ಸಲ ನೋಡಿದೆ. ಹನ್ನೊಂದೂ ಕೆಟ್ಟವು. ಸಾಹೇಬರು ಬರಲು ಆರು ವಾರ ಉಳಿದಿದೆ.

ಶಾಲೆ ಬಿಟ್ಟ ಮೇಲೆ ಗದಗ ರಸ್ತೆಯ ಸಾರಾಯಿ ಅಂಗಡಿಯ ಎದುರು, ಸೈಕಲ್ಲಿಗೆ ಗಾಳಿ ಹೊಡೆಸುವ ನೆವದಲ್ಲಿ ನಿಂತೆ. ಗಾಳಿ ಮೊದಲೇ ಇತ್ತು. ಕುಡಿದರೆ ಕೈ ನಿಲ್ಲುತ್ತದೆ. ಕೈ ನಿಂತರೆ, ಈ ಮಾಸ್ತರ ಕುಡಿಯುವವನಲ್ಲ ಅಂತ ಮಂದಿ ಅಂದಾರು. ಕುಡಿಯದೆ ಹೋದರೆ ಕೈ ನಡುಗಿ, ಕುಡುಕ ಅನ್ನಿಸಿಕೊಳ್ಳಬೇಕು. ಇಂಥ ಲೆಕ್ಕ ಯಾವ ಪುಸ್ತಕದಲ್ಲೂ ನೋಡಿಲ್ಲ.

ಅಂಗಡಿಯಿಂದ ಹೊರಬಂದ ಒಬ್ಬ ಗುರುತು ಹಿಡಿದು "ಶರಣ್ರಿ ಸರ್" ಅಂದ. ಸೈಕಲ್ ಹತ್ತಿ ಬಂದುಬಿಟ್ಟೆ. ಅವನು ಯಾರಿಗೆ ಹೇಳುತ್ತಾನೋ. ನಿಂತದ್ದೇ ತಪ್ಪು.

ಮಂಗಳವಾರ, ೨೮ ಜುಲೈ

ಒಂದು ವಿಚಾರ ಬಂದಿದೆ. ಸರಿಯೋ ತಪ್ಪೋ ಆಮೇಲೆ ನೋಡೋಣ.

ಬಾಣ ಮೌಸಿನ ಮಾತನ್ನೇ ಕೇಳಬೇಕೆಂದೇನೂ ಇಲ್ಲ. ಪರದೆಯ ಮೇಲೆ ಪ್ರತಿಯೊಂದು ಜಾಗಕ್ಕೂ ಎರಡು ಅಂಕಿ ಇವೆ, ಎಡಗಡೆಯಿಂದ ಎಷ್ಟು ದೂರ, ಕೆಳಗಿನಿಂದ ಎಷ್ಟು ಮೇಲೆ. ಆ ಎರಡು ಅಂಕಿ ಕೊಟ್ಟರೆ ಬಾಣ ಅಲ್ಲಿ ಹೋಗಿ ನಿಲ್ಲುತ್ತದೆ. ಆ ಅಂಕಿಗಳನ್ನು ಪ್ರೋಗ್ರಾಮೇ ಕೊಡಲಿ. ನನ್ನ ಕೈ ಮೌಸಿನ ಮೇಲೆ ಸುಮ್ಮನೆ ಇರಲಿ. ಸುಮ್ಮನಿದ್ದ ಕೈ ನಡುಗುವುದಿಲ್ಲವಲ್ಲ. ನೋಡುವವರಿಗೆ ನಾನೇ ನಡೆಸುತ್ತಿದ್ದೇನೆ ಅನ್ನಿಸಬೇಕು.

ಮಧ್ಯಾಹ್ನದ ಸುಟ್ಟಿಯಲ್ಲಿ ಕೋಣೆಯ ಚಿಲಕ ಹಾಕಿಕೊಂಡು ಒಂದೇ ಬೆರಳಿನಿಂದ ಬಡಿದೆ. ಬೆರಳು ನಡುಗಿ ಕೆಲವು ಅಕ್ಷರ ಎರಡೆರಡು ಸಲ ಬೀಳುತ್ತವೆ, ಅಳಿಸಿ ಮತ್ತೆ ಬಡಿಯಬೇಕು. ಗೆರೆಯದು ಸುಲಭ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಅಂತ ತೆಗೆದು, ಎರಡನ್ನೂ ಐವತ್ತು ಪಾಲು ಮಾಡಿ, ಒಂದೊಂದೇ ಪಾಲು ಕೂಡಿಸುತ್ತ ಹೋಗುವುದು. ಒಂಬತ್ತನೆಯ ಈಯತ್ತೆಯ ಸಮರೂಪ ತ್ರಿಭುಜವೇ ಇದು. ಬಾಣ ಹೊರಟಿತು. ಮೂಲೆಯಿಂದ ಮೂಲೆಗೆ, ಪಳಗಿದ ಎತ್ತು ನೇಗಿಲ ಸಾಲಿನಲ್ಲಿ ಹೋದಂತೆ ನೆಟ್ಟಗೆ.

ಕಳ್ಳತನ ಮಾಡುವವನಿಗೂ ಹೀಗೆಯೇ ಎದೆ ಬಡಿದುಕೊಳ್ಳುತ್ತದೆಯೋ ಏನೋ.

ಶುಕ್ರವಾರ, ೩೧ ಜುಲೈ

ವೃತ್ತ ಬರಲಿಲ್ಲ. ಬಾಣಕ್ಕೆ ಹುಚ್ಚು ಹಿಡಿದಿದೆ. ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಕೆಳಗೆ. ಹಿಂದೆ ಬಿಟ್ಟ ಗೆರೆಗಳು ಜಾಲಿಯ ಕಂಟಿಯಂತೆ ಕಂಡವು. ಯಂತ್ರಕ್ಕೂ ನನ್ನ ಕೈಯ ರೋಗ ಅಂಟಿತೋ ಅಂತ ಒಂದು ಕ್ಷಣ ಹೆದರಿದೆ. ಎಂಥ ಮೂರ್ಖ ಹೆದರಿಕೆ. ಆದರೂ ಬರೆದಿಡುತ್ತೇನೆ.

ಮಂಗಳವಾರ, ೪ ಆಗಸ್ಟ್

ಸಿಕ್ಕಿತು! ಮೂರು ದಿನ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಬಿಂದುಗಳೆಲ್ಲ ವೃತ್ತದ ಮೇಲೆಯೇ ಬೀಳುತ್ತಿದ್ದವು, ಆದರೆ ಸರತಿಯಲ್ಲಿ ಬೀಳುತ್ತಿರಲಿಲ್ಲ. ಯಾಕೆ? ನಾನು ಕೋನವನ್ನು ಡಿಗ್ರಿಯಲ್ಲಿ ಕೊಡುತ್ತಿದ್ದೆ. ಯಂತ್ರ ಅದನ್ನು ರೇಡಿಯನ್ ಅಂತ ತಿಳಿದುಕೊಳ್ಳುತ್ತಿತ್ತು. ಐದು ಡಿಗ್ರಿ ಸರಿ ಅಂದರೆ ಅದು ಮುಕ್ಕಾಲು ಸುತ್ತಿಗಿಂತ ಹೆಚ್ಚು ಜಿಗಿಯುತ್ತಿತ್ತು. ತಪ್ಪು ಅದರದಲ್ಲ, ಪಾಪ. ಅದು ಹೇಳಿದ್ದನ್ನು ಮಾಡಿತು.

ಈಗ ಹೀಗೆ: ಪರದೆಯ ನಡುಬಿಂದು ಬಲಕ್ಕೆ ೬೪೦, ಮೇಲಕ್ಕೆ ೫೧೨. ತ್ರಿಜ್ಯ ೩೦೦. ಕೋನ ಸೊನ್ನೆಯಿಂದ ೩೬೦ರವರೆಗೆ, ಐದೈದು ಡಿಗ್ರಿಯ ಹೆಜ್ಜೆ, ಪ್ರತಿ ಸಲವೂ ಅದನ್ನು ರೇಡಿಯನ್ನಿಗೆ ತಿರುಗಿಸಿ ಕೊಡುವುದು. ಕೊಸೈನು ಅಡ್ಡದ ದೂರ ಹೇಳುತ್ತದೆ, ಸೈನು ಎತ್ತರ ಹೇಳುತ್ತದೆ. ಬಾಣ ಬಲಗಡೆಯಿಂದ ಹೊರಟು, ಮೇಲೆ ಹತ್ತಿ, ಎಡಕ್ಕೆ ಇಳಿದು, ಕೆಳಗೆ ಹಾದು, ಹೊರಟಲ್ಲಿಗೆ ಬಂದು ನಿಂತಿತು. ನಾನು ಅದನ್ನು ಹದಿನೈದು ಸಲವಾದರೂ ಓಡಿಸಿರಬೇಕು. ಇಷ್ಟು ವರ್ಷ ಸೈನು, ಕೊಸೈನು ಅಂದರೆ ಕೋಷ್ಟಕದಲ್ಲಿ ಹುಡುಕುವ ಅಂಕಿ ಅಂತ ಕಲಿಸಿದೆ. ಅವು ಒಂದು ಬಿಂದುವನ್ನು ಕೈಹಿಡಿದು ನಡೆಸುತ್ತವೆ ಅಂತ ನನಗೇ ಗೊತ್ತಿರಲಿಲ್ಲ.

ಬುತ್ತಿ ಬಿಚ್ಚಲಿಲ್ಲ. ರೊಟ್ಟಿ ಹಾಗೇ ಮನೆಗೆ ಹೋಯಿತು, ತಾಯವ್ವ ಬೈದಳು. ಎರಡು ದಿನದಿಂದ ಗುಳಿಗೆ ನುಂಗುವುದು ನೆನಪಾಗಿಲ್ಲ. ನಾಳೆಯಿಂದ ಮರೆಯಬಾರದು.

ರವಿವಾರ, ೯ ಆಗಸ್ಟ್

ಅಂಗಡಿ ಮುಂದೆ ನಿಂತ ಸುದ್ದಿ ಮನೆ ಮುಟ್ಟಿತು. ಬೋರಿಂಗಿನ ಹತ್ತಿರ ಯಾರೋ ತಾಯವ್ವನಿಗೆ ಕೇಳಿದರಂತೆ, ನಿಮ್ಮ ಮಾಸ್ತರ್ರು ಸಾರಾಯಿ ಅಂಗಡಿ ಮುಂದ ನಿಂತಿದ್ರಂತಲ್ಲ ಅಂತ. ಕೊಡ ಇಳಿಸುವ ಮೊದಲೇ ಕೇಳಿದಳು, "ಹೌದೇನ್ರಿ?"

"ನಿಂತಿದ್ದೆ. ಒಳಗ ಹೋಗಿಲ್ಲ."

"ಯಾಕ ನಿಂತ್ರಿ?"

ಹೇಳಬೇಕಾಯಿತು. ಕೈ, ಡಾಕ್ಟರು, ಗುಳಿಗೆ ಎಲ್ಲ. ಅವ್ವ ಜೋಳ ಹಸನು ಮಾಡುತ್ತ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಕಿವಿ ಮಂದ ಅಂತ ನಾವು ತಿಳಿದಿದ್ದೆವು. ಮೊರ ಬದಿಗಿಟ್ಟು, "ಬಾ ಇಲ್ಲೆ. ಕೈ ಮುಂದ ಮಾಡು," ಅಂದಳು. ಮಾಡಿದೆ. ಬಹಳ ಹೊತ್ತು ನೋಡಿದಳು.

"ನಿಮ್ಮಪ್ಪಂದೂ ಹಿಂಗ ಸುರು ಆಗಿತ್ತು."

"ಅಪ್ಪ ಕುಡೀತಿದ್ದ, ಬೇ."

"ಕುಡೀತಿದ್ದ. ಯಾವಾಗಿಂದ ಕುಡ್ಯಾಕ ಹತ್ತಿದ ಅಂತ ಒಬ್ಬರರೆ ಕೇಳೀರೇನು? ನೀ ಹುಟ್ಟಿದಾಗ ಅವ ತಾಂಬೂಲ ಸೈತ ಹಾಕ್ತಿದ್ದಿಲ್ಲ. ನೀ ನಾಕನೇತ್ತೆ ಇದ್ದಾಗ ಕೈ ನಡಗಾಕ ಹತ್ತಿದ್ವು. ತೊಗಲು ಹೊಲ್ಯಾಕ ಆರಿ ಹಿಡದ್ರ ತೂತಿನ ಬಾಜು ಚುಚ್ಚತಿತ್ತು. ತಿರ್ಲಾಪುರದ ಗೌಡ್ರು ಎತ್ತಿನ ಮಿಣಿ ವಾಪಸ್ ಒಗದು ಹೋದ್ರು, ಹೊಲಗಿ ಸೊಟ್ಟ ಆಗೇತಿ ಅಂತ. ಮೂರು ದಿನ ಉಂಡಿಲ್ಲ ನಿಮ್ಮಪ್ಪ. ಆಮ್ಯಾಲೆ ಯಾರೋ ಹೇಳಿದ್ರು, ಒಂದ್ ಗುಟುಕು ತಗೊ, ಕೈ ನಿಲ್ತೈತಿ ಅಂತ. ನಿಂತಿತು. ಹೊಲಗಿ ಅಗದಿ ನೆಟ್ಟಗ ಬಂತು. ಒಂದ್ ಗುಟುಕು ಎರಡಾತು, ಎರಡು ನಾಕಾತು. ಕುಡದು ಕೈ ನಡಗಲಿಲ್ಲೋ ಲಕ್ಕ. ಕೈ ನಡಗತಾವಂತ ಕುಡದ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಯಾವತ್ತ ಕೇಳಿದಿ? ಅವನ ಹೆಸರು ತಗದ್ರ ಎದ್ದು ಹೋಗಾಂವ ನೀ."

ಹೌದು, ಎದ್ದು ಹೋಗುತ್ತಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಹುಮಾನ ಬಂದ ದಿನ ಅಪ್ಪ ಮಡಿ ಧೋತರ ಉಟ್ಟು ಶಾಲೆಗೆ ಬಂದಿದ್ದ. ಅವನ ಕೈ ನೋಡಿ ಮಂದಿ ಏನೆಂದಾರು ಅಂತ ನಾನು ಅವನನ್ನು ಗೇಟಿನ ಹೊರಗೇ ನಿಲ್ಲಿಸಿದೆ. ಅವನು ನಿಂತ. ಇವತ್ತು ಇದಕ್ಕಿಂತ ಹೆಚ್ಚು ಬರೆಯಲಾರೆ.

ಗುರುವಾರ, ೨೦ ಆಗಸ್ಟ್

ಹತ್ತು ದಿನ ವಹಿ ಮುಟ್ಟಲಿಲ್ಲ. ಕೆಲಸ ಮಾತ್ರ ನಡೆದಿದೆ. ಈಗ ಬಾಣ ಮೊದಲು ಗೆರೆ, ಆಮೇಲೆ ತ್ರಿಭುಜ, ಆಮೇಲೆ ವೃತ್ತ ತೆಗೆಯುತ್ತದೆ. ಮನುಷ್ಯನ ಕೈಯೇ ನಡೆಸಿದಂತೆ ಕಾಣಲಿ ಅಂತ ಶುರುವಿನಲ್ಲಿ ನಿಧಾನ, ನಡುವೆ ಚುರುಕು, ಕೊನೆಗೆ ಮತ್ತೆ ನಿಧಾನ ಮಾಡಿದ್ದೇನೆ. ಬಿಂದುಗಳ ನಡುವಿನ ಅಂತರ ಹೆಚ್ಚುಕಡಿಮೆ ಮಾಡಿದರೆ ಸಾಕು.

ಇವತ್ತು ಚಿಲಕ ಹಾಕುವುದನ್ನು ಮರೆತೆ. ತಿರುಗಿ ನೋಡಿದರೆ ಬಾಗಿಲಲ್ಲಿ ಜುಲೇಖಾಬಿ ಟೀಚರು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಬಾಣ ತನ್ನ ಪಾಡಿಗೆ ವೃತ್ತ ಸುತ್ತುತ್ತಿತ್ತು.

"ಯಾ ಅಲ್ಲಾ! ಸರ್, ಇದನ್ನ ಯಾರು ಬರದ್ರು?"

"ನಾನ ಬರದೆ. ಟೀಚರ, ಯಾರ ಮುಂದೂ ಹೇಳಬ್ಯಾಡ್ರಿ." ಯಾಕೆ ಅಂತ ಎಲ್ಲ ಹೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. "ಮೌಸು ಸರಸೂದು ನನಗೂ ಬರತೈತಿ, ಪ್ಯೂನಗೂ ಬರತೈತಿ. ಇದನ್ನ ಬರಿಯೂದು ಈ ತಾಲೂಕಿನಾಗ ಯಾರಿಗೆ ಬರತೈತ್ರಿ? ಅವತ್ತ ಇದನ್ನ ತೋರಿಸ್ರಿ. ಕೈ ಯಾಕ ಅದರ ಮ್ಯಾಲೆ ಇಟ್ಟು ಮುಚ್ಚತೀರಿ?"

"ನಿಮಗ ಹೇಳಾಕೇನ್ರಿ. ನಿಮ್ಮ ಮ್ಯಾಲೆ ಅರ್ಜಿ ಹೋಗಿಲ್ಲ," ಅಂದೆ. ದನಿ ಏರಿತ್ತು. ಅವರು ಎದ್ದು ಹೋದರು. ಕ್ಷಮೆ ಕೇಳಬೇಕಿತ್ತು.

ಬುಧವಾರ, ೨ ಸಪ್ಟೆಂಬರ್

ನಾಳೆ. ಎಡಗೈಯಿಂದ ಸ್ಪೇಸ್ ಒತ್ತುವುದು, ಬಲಗೈ ಮೌಸಿನ ಮೇಲೆ. ಒಟ್ಟು ಎರಡು ನಿಮಿಷ ಹತ್ತು ಸೆಕೆಂಡು. ಕರೆಂಟ್ ಹೋದರೆ? ಮೌಸು ಸರಿಸದೆಯೇ ಬಾಣ ಸರಿಯುತ್ತಿದೆ ಅಂತ ಯಾರಾದರೂ ಗುರುತಿಸಿದರೆ? ಕೈಯನ್ನು ಮೌಸಿನ ಮೇಲೆ ಒಂದೀಟು ಅಲ್ಲಾಡಿಸಬೇಕೇ? ಅಲ್ಲಾಡಿಸಿದರೆ ನಡುಗುತ್ತದೆ.

ಜುಲೇಖಾಬಿ ಟೀಚರ ಕ್ಷಮೆ ಕೇಳಿದೆ. "ಬಿಡ್ರಿ ಸರ್," ಅಂದರು.

ಗುರುವಾರ, ೩ ಸಪ್ಟೆಂಬರ್

ಆದದ್ದನ್ನು ಆದಂತೆ ಬರೆಯುತ್ತೇನೆ.

ಸಾಹೇಬರು ಹನ್ನೊಂದಕ್ಕೆ ಬಂದರು. ಎತ್ತರದ ಆಳು, ನರೆತ ಮೀಸೆ. ಕೋಣೆಯಲ್ಲಿ ನಮ್ಮ ಮಾಸ್ತರರೆಲ್ಲ, ಊರ ಹಿರಿಯರು ನಾಲ್ವರು, ಕಿಟಕಿಗಳ ತುಂಬ ಮಕ್ಕಳ ಮುಖ. ನಾನು ಕೂತೆ. ಬಲಗೈ ಮೌಸಿನ ಮೇಲಿಟ್ಟೆ, ಎಡಗೈಯಿಂದ ಸ್ಪೇಸ್ ಒತ್ತಿದೆ.

ಬಾಣ ಹೊರಟಿತು. ಗೆರೆ ನೆಟ್ಟಗೆ ಬಂತು. ತ್ರಿಭುಜದ ಮೂರನೆಯ ಬಾಹು ಮೊದಲ ಬಿಂದುವಿಗೆ ಬಂದು ಮುಟ್ಟಿದಾಗ ಕಿಟಕಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ವೃತ್ತ ಶುರುವಾಯಿತು.

ಸಾಹೇಬರು ನನ್ನ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದರು. ಹೆಡ್‌ಮಾಸ್ತರರ ಕಡೆ ತಿರುಗಿ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವರ ಮ್ಯಾಲೆ ನನಗೊಂದು ಅರ್ಜಿ ಬಂದಿತ್ತು. ಕುಡುಕ ಅಂತ. ಇವತ್ತ ಅದನ್ನ ಹರದು ಒಗೀತೀನಿ. ನೋಡ್ರಿ ಈ ಕೈ! ಕುಡ್ಯಾವನ ಕೈ ಹಿಂಗಿರತದೇನು? ನಡಗೂ ಕೈ ನೋಡಿದ್ರ ಸಾಕು, ಮನುಷ್ಯಾ ಎಂಥಾಂವ ಅಂತ ನನಗ ಗೊತ್ತಾಗ್ತದ."

ಎರಡು ತಿಂಗಳಿನಿಂದ ನಾನು ಕಾಯ್ದದ್ದು ಇದೇ ಮಾತಿಗೆ. ವೃತ್ತ ಅರ್ಧಕ್ಕೆ ಬಂದಿತ್ತು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು.

ನಾನು ಕೈ ಎತ್ತಿದೆ. ಮೌಸಿನಿಂದ ಪೂರಾ ಎತ್ತಿ ಎದೆಯ ಮುಂದೆ ಹಿಡಿದೆ. ಯಾಕೆ ಅಂತ ಈಗ ಕೇಳಿದರೂ ನನಗೆ ಹೇಳಲು ಬರುವುದಿಲ್ಲ. ಬಾಣ ಮಾತ್ರ ತನ್ನ ಪಾಡಿಗೆ ಕೆಳಗಿಳಿದು, ಬಲಕ್ಕೆ ಹೊರಳಿ, ಮೇಲೆ ಹತ್ತುತ್ತಿತ್ತು. ನನ್ನ ಕೈ ಎಲ್ಲರ ಮುಂದೆ ನಡುಗುತ್ತಿತ್ತು, ಎಂದಿಗಿಂತ ಜೋರಾಗಿ.

"ಇದು ನನ್ನ ಕೈ ಅಲ್ಲರಿ ಸಾಹೇಬ್ರ. ಪ್ರೋಗ್ರಾಮ್ ಬರದು ಇಟ್ಟೀನಿ, ಬಾಣ ತಾನ ಹೊಂಟೈತಿ. ನನ್ನ ಕೈ ಇದು."

ಸಾಹೇಬರ ಮುಖ ಕೆಂಪಾಯಿತು. "ಅಂದ್ರ, ನಮ್ಮ ಮುಂದ ನಾಟಕ ಮಾಡಿದ್ರಿ?"

"ಹೌದ್ರಿ. ಮಾಡಿದೆ."

"ಅರ್ಜಿ ಖರೆ ಹಂಗಾರ?"

"ಅಲ್ಲರಿ. ಕೈ ನಡಗೂದು ಖರೆ. ಕುಡಿಯೂದು ಸುಳ್ಳು. ಡಾಕ್ಟರ್ ಚೀಟಿ ಐತ್ರಿ. ನಮ್ಮ ತಂದಿಗೂ ಹಿಂಗ ಇತ್ತು. ಅವ ಕುಡೀತಿದ್ದ, ಅದೂ ಖರೆ. ಕೈ ನಿಲ್ಲಲಿ ಅಂತ ಕುಡೀತಿದ್ದ. ಅಂವ ಎಂಥಾ ಮನುಷ್ಯಾ ಅಂತ ಕೈ ನೋಡಿ ಯಾರಿಗೂ ಗೊತ್ತಾಗಲಿಲ್ಲರಿ. ನನಗೂ ಗೊತ್ತಾಗಲಿಲ್ಲ."

ಇಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ. ಹೆಡ್‌ಮಾಸ್ತರರು ನೆಲ ನೋಡುತ್ತಿದ್ದರು. ಸಾಹೇಬರು ಚೀಟಿ ಓದಿದರು, ಮಡಚಿ ಕೊಟ್ಟರು, "ಲಿಖಿತದಾಗ ವಿವರಣಿ ಕೊಡ್ರಿ," ಅಂದು ಹೊರಟರು. ಬಾಗಿಲ ಹತ್ತಿರ ನಿಂತು ಪರದೆಯ ಕಡೆ ಒಮ್ಮೆ ತಿರುಗಿ ನೋಡಿದರು. ವೃತ್ತ ಮುಗಿದಿತ್ತು.

ಚಹಾ ಬಂದಾಗ ಜುಲೇಖಾಬಿ ಟೀಚರು ಒಂದು ಕಪ್ಪು ನನ್ನ ಮುಂದಿಟ್ಟರು. ಬಸಿಯಲ್ಲಿ ಅರ್ಧ ಚೆಲ್ಲಿತು. ಉಳಿದರ್ಧ ಕುಡಿದೆ.

ಬುಧವಾರ, ೯ ಸಪ್ಟೆಂಬರ್

ಹೆಡ್‌ಮಾಸ್ತರರು ವಿವರಣೆಗೆ ಒಂದು ದಾರಿ ಹೇಳಿಕೊಟ್ಟರು: "ಮೌಸು ಕೆಟ್ಟಿತ್ತು, ಅದಕ್ಕ ಹಂಗ ಮಾಡಬೇಕಾತು ಅಂತ ಬರೀರಿ. ಮುಗದ ಹೋಗತೈತಿ."

"ಮೌಸು ಚಲೋ ಐತಲ್ರಿ," ಅಂದೆ.

"ಲಕ್ಕಪ್ಪ ಸರ್, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ನಿಮ್ಮ ಓಣಿ..."

"ಓಣಿ ಮಾತು ಬ್ಯಾಡ್ರಿ. ನಾಟಕ ಮಾಡಿದಾಂವ ನಾನು, ನಾನ ಬರೀತೀನಿ."

ಬೈಯುತ್ತಾರೆ ಅಂದುಕೊಂಡೆ. ಅವರು ಹಾಳೆ ಮುಂದೆ ಸರಿಸಿದರು. ಅ‌ಲ್ಲೇ ಕೂತು ಒಂದೂವರೆ ಪುಟ ಬರೆದೆ. ಸಾಲುಗಳು ಏರಿಳಿದಿವೆ, ಓದಲು ಬರುತ್ತವೆ. ಪ್ರೋಗ್ರಾಮಿನ ನಕಲೂ ಜೊತೆಗಿಟ್ಟೆ, ಕೇಳಿರಲಿಲ್ಲ ಆದರೂ.

ಸೋಮವಾರ, ೨೮ ಸಪ್ಟೆಂಬರ್

ಇವತ್ತಿನದನ್ನು ಬರೆದಿಡಲೇಬೇಕು.

ಎಂಟನೆಯ ಈಯತ್ತೆಯ ಹತ್ತು ಮಕ್ಕಳ ತಂಡ ಕೋಣೆಯಲ್ಲಿತ್ತು. ವೃತ್ತದ ಪ್ರೋಗ್ರಾಮನ್ನು ಅವರೇ ಬಡಿದು ಓಡಿಸಬೇಕು. ರೇಣುಕಾ ಅಂತ ಒಂದು ಹುಡುಗಿ, ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಅವಳು ಐದು ಡಿಗ್ರಿಯ ಹೆಜ್ಜೆ ಬಡಿಯುವ ಕಡೆ ತೊಂಬತ್ತು ಬಡಿದಳು. ಬಾಣ ನಾಲ್ಕೇ ಹೆಜ್ಜೆ ಹಾಕಿ ನಿಂತಿತು. ಮೂಲೆಯ ಮೇಲೆ ನಿಂತ ಚೌಕ!

"ಸರ್, ವೃತ್ತ ಕೆಡಿಸ್ಯಾಳ್ರಿ ಇಕಿ!"

"ತಡೀರ್ಲೇ. ಕೆಡಿಸಿಲ್ಲ," ಅಂದೆ. ನಾನೇ ಬೆರಗಾಗಿದ್ದೆ. ನೂರಾ ಇಪ್ಪತ್ತು ಬಡಿಸಿದೆ, ತ್ರಿಭುಜ. ಅರವತ್ತು, ಜೇನುಗೂಡಿನ ಮನೆ. ಎಪ್ಪತ್ತೆರಡಕ್ಕೆ ಐದು ಮೂಲೆ. ಒಂದೇ ಪ್ರೋಗ್ರಾಮು, ಒಂದೇ ಅಂಕಿ ಬದಲು. ಗೆರೆಗೊಂದು, ತ್ರಿಭುಜಕ್ಕೊಂದು, ವೃತ್ತಕ್ಕೊಂದು ಅಂತ ನಾನು ಬೇರೆ ಬೇರೆ ಬರೆದು ಒಂದು ತಿಂಗಳು ಒದ್ದಾಡಿದ್ದೆ. ವೃತ್ತದೊಳಗೆ ಎಲ್ಲ ಇದ್ದವು, ಹೆಜ್ಜೆ ದೊಡ್ಡದು ಮಾಡಿದರೆ ಸಾಕಿತ್ತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅಂಕಿ ಹೇಳತೊಡಗಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಜುಲೇಖಾಬಿ ಟೀಚರು ತಮ್ಮ ತರಗತಿಗೆ ಕರೆಯಲು ಬಂದವರು ತಾವೂ ನಿಂತರು.

ಜಿಲ್ಲಾ ಕಚೇರಿಯ ಪತ್ರ ಬಂದದ್ದನ್ನು ಬರೆದಿಲ್ಲ, ನಾಲ್ಕು ದಿನವಾಯಿತು. ಅರ್ಜಿ ಕೈಬಿಟ್ಟಿದ್ದಾರೆ. ತಪ್ಪು ತಿಳಿವಳಿಕೆ ಕೊಟ್ಟದ್ದಕ್ಕೆ ನನಗೆ ಎಚ್ಚರಿಕೆ, ಸೇವಾ ಪುಸ್ತಕದಲ್ಲಿ ಸೇರುತ್ತದೆ. ಕಂಪ್ಯೂಟರ್ ಉಸ್ತುವಾರಿ ನನಗೂ ಟೀಚರಿಗೂ ಕೂಡಿ.

ಹೂಂ, ರೇಣುಕಾ. ಅವಳು ಬಹಳ ಹೊತ್ತು ಬೆರಳು ಮಡಚಿ ಎಣಿಸುತ್ತಿದ್ದಳು. ಆಮೇಲೆ ಕೇಳಿದಳು, "ಸರ್, ಏಳು ಮೂಲೀದು ಬರತೈತೇನ್ರಿ?"

ಹಲಗೆಯ ಮೇಲೆ ಮುನ್ನೂರಾ ಅರವತ್ತನ್ನು ಏಳರಿಂದ ಭಾಗಿಸಿದೆ. ಐವತ್ತೊಂದು, ಆಮೇಲೆ ಬಿಂದು, ಆಮೇಲೆ ೪೨೮೫೭೧, ಮತ್ತೆ ೪೨೮೫೭೧. ಹಲಗೆಯ ಅಂಚು ಮುಟ್ಟಿದರೂ ಮುಗಿಯಲಿಲ್ಲ.

"ಅದು ಮುಗ್ಯೂದ ಇಲ್ಲಲ್ರಿ. ಎಲ್ಲೋ ಒಂದ್ ಕಡೆ ಕಡದು ಕೊಡಬೇಕು. ಹಂಗ ಕೊಟ್ರ ಬಾಣ ಹೊಂಟ ಜಾಗಾಕ್ಕ ಬಂದು ಮುಟ್ಟತೈತೇನ್ರಿ, ಇಲ್ಲಾ ಬಾಜು ನಿಲ್ತೈತ್ರಿ?"

ಹತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

"ನನಗ ಗೊತ್ತಿಲ್ಲವಾ," ಅಂದೆ. "ಬಡೀ ನೋಡೂಣು. ಏ, ಒಂದೀಟು ಸರೀರ್ಲೇ, ನನಗ ಕಾಣಸವಲ್ದು."